ಕಟ್ಟಿದ ಮೂಗು, ಬಚ್ಚಿಟ್ಟ ಮಾಸ್ಕು

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಸೊಸೆ ಈಗ ಮಗುವನ್ನು ಅತ್ತೆಯ ಬಳಿ ಬಿಟ್ಟು ಹೋಗುವುದಿಲ್ಲ. ತನ್ನ ಚೀಲದ ಜೊತೆ ಅದನ್ನೂ ಸೊಂಟಕ್ಕೇರಿಸಿಕೊಂಡು ನಡೆಯುತ್ತಾಳೆ.

"ದಾರೀಲೇ ಬೇಬಿ ಸಿಟ್ಟಿಂಗ್ ಇದೆಯಲ್ಲ ಅತ್ತೆ. ನಿಮಗೂ ಹೊಲಿಗೆ ಕೆಲಸ ಜಾಸ್ತಿ" ಎನ್ನುತ್ತಾಳೆ. ಮಾತು ಮೆತ್ತಗೇ ಇರುತ್ತದೆ. ಮುಖ ನೋಡಿ ಮಾತ್ರ ಆಡುವುದಿಲ್ಲ.

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆ ಅತ್ತೆಗೆ ಕಾರಣ ಗೊತ್ತು. ಅವತ್ತು ಹಾಡುಹಗಲಲ್ಲಿ, ಶಾಲೆಯ ಸಮವಸ್ತ್ರದ ಕಾಲರಿಗೆ ಇಸ್ತ್ರಿ ಹಾಕುತ್ತಾ ಕೂತವಳು ಹಾಗೇ ತೂಕಡಿಸಿಬಿಟ್ಟಿದ್ದಳು. ಕಣ್ಣು ಬಿಟ್ಟರೆ ಎದುರಿಗೆ ಕೆಲಸದಿಂದ ಮರಳಿದ ಸೊಸೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಇಸ್ತ್ರಿ ಪೆಟ್ಟಿಗೆಯ ವಯರು. ಅಂಬೆಗಾಲಿಟ್ಟು ಬಂದ ಮಗು ಅದನ್ನು ಹಿಡಿದು ಎಳೆಯುತ್ತಿತ್ತಂತೆ. ಸೊಸೆ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು.

ಟೈಲರಮ್ಮನಿಗೆ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ. ರಾತ್ರಿ ನಿದ್ದೆ ಸರಿಯಾಗದೆ ಹಗಲು ಕಣ್ಣು ಎಳೆಯುತ್ತದೆ. ಅದಕ್ಕೆಂದೇ ಡಾಕ್ಟರು ಸಿಪ್ಯಾಪ್ ಯಂತ್ರ ಕೊಡಿಸಿದ್ದರು. ಮಾಸ್ಕಿನ ಮೂಲಕ ಮೂಗಿಗೆ ಗಾಳಿ ಒತ್ತಿ, ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ ಅದು.

ಯಂತ್ರ ಬಂದ ಹೊಸತರಲ್ಲಿ ಬೀಗರು ಮನೆಗೆ ಬಂದಿದ್ದಾಗ ಗಂಡ, "ನಮ್ಮನೇಲಿ ಕರೆಂಟ್ ಹೋದ್ರೂ ಚಿಂತೆ ಇಲ್ಲ, ಇವಳ ಗೊರಕೇನೇ ಜನರೇಟರ್. ಈಗ ಅದಕ್ಕೊಂದು ಪೈಪೂ ಹಾಕಿದಾರೆ" ಎಂದು ನಗೆಯಾಡಿದ್ದ. ಎಲ್ಲರೂ ನಕ್ಕರು. ಟೈಲರಮ್ಮನೂ ನಕ್ಕಳು. ಮರುದಿನದಿಂದಲೇ ಹಾಸಿಗೆ, ಯಂತ್ರ ಎರಡನ್ನೂ ಹೊಲಿಗೆ ಕೋಣೆಗೆ ಸಾಗಿಸಿ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗತೊಡಗಿದಳು. ಮಾಸ್ಕು ಹಾಕಿದ ಆ ಮುಖವನ್ನು ಯಾರೂ ನೋಡಬಾರದಿತ್ತು.

ಅಲ್ಲಿ ಮಲಗಿದ ಮೇಲೆ ಮೂಗು ಕಟ್ಟತೊಡಗಿತು. ಮಾಸ್ಕು ಹಾಕಿದರೆ ಉಸಿರೇ ಸಿಕ್ಕದು. ಕಿತ್ತು ಪಕ್ಕಕ್ಕಿಡುವಳು. ಕೊನೆಗೆ ಹಾಕುವುದನ್ನೇ ಬಿಟ್ಟಳು. ಮನೆಯವರು ಕೇಳಿದರೆ, "ಹೂಂ, ಹಾಕ್ಕೊಂಡೇ ಮಲಗಿದ್ದೆ" ಎನ್ನುವಳು. ಯಂತ್ರ ಇದ್ದೂ ಹೀಗೆ ತೂಕಡಿಸುತ್ತಾಳಲ್ಲ ಎಂದು ಮನೆಯವರು ಅಂದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಪಕ್ಕದ ಮನೆಯ ನರ್ಸು ಡ್ಯೂಟಿಯ ಬಟ್ಟೆ ಸಡಿಲ ಮಾಡಿಸಲು ಬಂದಳು. ಅವಳನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುವುದು.

"ಎರಡು ಇಂಚು ಬಿಡಿ ಅಕ್ಕ. ನಾನು ದಪ್ಪ ಆಗಿಲ್ಲ, ಬಟ್ಟೆ ಕುಗ್ಗಿದೆ."

"ಎಲ್ಲರೂ ಅದನ್ನೇ ಹೇಳೋದು" ಎಂದಳು ಟೈಲರಮ್ಮ, ಟೇಪು ಹಿಡಿಯುತ್ತಾ.

"ನಿಮ್ಮ ಮೂಗೇನಾಯ್ತು? ಮಾತು ಬಾಟಲಿಯೊಳಗಿಂದ ಬಂದ ಹಾಗಿದೆ. ಯಂತ್ರ ಎಲ್ಲಿ?"

ಟೈಲರಮ್ಮ ಕಣ್ಣು ತಪ್ಪಿಸಿದಳು. ಸಿಸ್ಟರ್ ಬಟ್ಟೆಯ ತುಂಡುಗಳನ್ನು ಸರಿಸಿ ಯಂತ್ರವನ್ನು ಹೊರತೆಗೆದಳು. ಹಿಂಬದಿಯ ಮುಚ್ಚಳ ತೆರೆದು, ಗಾಳಿ ಸೋಸುವ ಫಿಲ್ಟರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಬೆಳ್ಳಗಿರಬೇಕಾದದ್ದು ನೀಲಿ ನೂಲಿನ ಜುಂಗಿನಿಂದ ಮುಚ್ಚಿಹೋಗಿತ್ತು.

"ಇದು ಯಾವ ಶಾಲೆಯ ಸಮವಸ್ತ್ರ ಅಕ್ಕ?"

ಟೈಲರಮ್ಮನ ಕಿವಿ ಬಿಸಿಯಾಯಿತು. ತಾನೇ ಕತ್ತರಿಸಿದ ಬಟ್ಟೆಯ ಧೂಳು.

"ನೀರಿನ ಡಬ್ಬಿಯೂ ಖಾಲಿ."

"ನೀರು ಹಾಕಿದ್ರೆ ಶೀತ ಆಗಲ್ವಾ? ಮೊದಲೇ ಮೂಗು ಕಟ್ಟಿದೆ, ಅದರ ಮೇಲೆ ತೇವದ ಗಾಳಿ ಬೇರೆ."

"ಉಲ್ಟಾ. ರಾತ್ರಿಯೆಲ್ಲ ಒಣಗಾಳಿ ಹೊಡೆದ್ರೆ ಮೂಗಿನ ಒಳಚರ್ಮ ಕೆರಳಿ ಊದ್ಕೊಳ್ಳುತ್ತೆ. ಅದನ್ನ ತಡೆಯೋಕೇ ಈ ಡಬ್ಬಿ. ಡಿಸ್ಟಿಲ್ಡ್ ವಾಟರ್ ಹಾಕಿ. ಬೆಳಿಗ್ಗೆ ಉಳಿದದ್ದನ್ನ ಚೆಲ್ಲಿ, ತೊಳೆದು ಒಣಗಿಸಿ. ಇನ್ನೇನು ಮಾಡ್ಕೊಂಡಿದೀರಿ, ಅದನ್ನೂ ಹೇಳ್ಬಿಡಿ."

"ಮೂಗಿಗೆ ಡ್ರಾಪ್ಸ್ ಹಾಕ್ತಿದ್ದೆ. ಹಾಕಿದಾಗ ಬಿಡುತ್ತೆ, ಆಮೇಲೆ ಮೊದಲಿಗಿಂತ ಜೋರು."

"ಎಷ್ಟು ದಿನದಿಂದ?"

"ಬಾಟಲಿ ಖಾಲಿಯಾದಾಗೆಲ್ಲ ತಂದಿದೀನಿ."

ಸಿಸ್ಟರ್ ಹಣೆ ಒತ್ತಿಕೊಂಡಳು. "ಮೂಗು ಬಿಡಿಸೋ ಆ ಡ್ರಾಪ್ಸ್ ಎರಡು ಮೂರು ದಿನ ಮೀರಿದ್ರೆ ಅದೇ ಮೂಗು ಕಟ್ಟಿಸುತ್ತೆ. ಡಾಕ್ಟರನ್ನ ಕೇಳಿ ಅದನ್ನ ನಿಲ್ಲಿಸ್ಬೇಕು. ಮಲಗೋ ಮುಂಚೆ ಉಪ್ಪುನೀರಿನ ಸ್ಪ್ರೇ ಹೊಡ್ಕೊಳ್ಳಿ, ಅಂಗಡೀಲಿ ಸಲೈನ್ ಅಂದ್ರೆ ಕೊಡ್ತಾರೆ. ಮೂಗು ತೊಳೆಯೋದಾದ್ರೆ ಕುದಿಸಿ ಆರಿಸಿದ ನೀರೇ ಬೇಕು, ನಲ್ಲಿ ನೀರು ಬೇಡ. ಅಲರ್ಜಿ ಇದ್ರೆ ಅದಕ್ಕೆ ಬೇರೆ ಔಷಧಿ ಇದೆ. ಮೂಗು ಬಾಯಿ ಎರಡನ್ನೂ ಮುಚ್ಚೋ ಮಾಸ್ಕೂ ಇದೆ. ಯಾವುದು ಅಂತ ಡಾಕ್ಟರು ಹೇಳ್ತಾರೆ. ಗಾಳಿಯ ಒತ್ತಡ ಮಾತ್ರ ನೀವೇ ತಿರುಗಿಸೋಕೆ ಹೋಗ್ಬೇಡಿ."

"ಅಷ್ಟೇನಾ?"

"ಇನ್ನೊಂದಿದೆ. ಈ ಧೂಳಿನ ಕೋಣೇಲಿ ಯಾಕೆ ಮಲಗ್ತೀರಿ?"

ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾಚಿಕೆ ಸಿಸ್ಟರ್. ಹೆಂಗಸು ಗೊರಕೆ ಹೊಡೆಯೋದೇ ನಗೆಪಾಟಲು. ಅದರ ಮೇಲೆ ಈ ಸೊಂಡಿಲು."

"ಮಗು ವಯರು ಎಳೆದದ್ದನ್ನ ನಿಮ್ಮ ಸೊಸೆ ಹೇಳಿದ್ಳು. ಆ ನಾಚಿಕೆಗಿಂತ ಇದು ದೊಡ್ಡದಾ?"

ಸಿಸ್ಟರ್‌ಗೂ ಆಡಿದ ಮಾತು ಖಾರವಾಯಿತೆನಿಸಿ, ಟೈಲರಮ್ಮನ ಕೈ ಹಿಡಿದು ಕೂತಳು.

ಸಂಜೆ ಗಂಡ, ಮಗ, ಸೊಸೆ ಎಲ್ಲ ಇದ್ದಾಗ ಟೈಲರಮ್ಮ ಹೇಳಿದಳು: "ನಾನು ಸುಳ್ಳು ಹೇಳಿದೆ. ಯಂತ್ರ ಹಾಕ್ತಾನೇ ಇರಲಿಲ್ಲ."

ಗಂಡ ಏನೋ ಹಾಸ್ಯ ಮಾಡಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಅದನ್ನು ನುಂಗಿಕೊಂಡ. "ಅವತ್ತು ಬೀಗರ ಮುಂದೆ ನಾನು ಹಾಗನ್ನಬಾರದಿತ್ತು" ಎಂದ. "ನಡಿ, ಹಾಸಿಗೆ ಒಳಗೆ ತರೋಣ."

ಸೊಸೆ ಮಾತ್ರ ನೇರವಾಗಿ ಹೇಳಿದಳು: "ಈಗಲೇ ಮಗು ಬಿಡೋ ಧೈರ್ಯ ನನಗಿಲ್ಲ ಅತ್ತೆ. ಡಾಕ್ಟರು ನೋಡ್ಲಿ. ನಿಮ್ಮ ನಿದ್ದೆ ಸರಿಹೋಗ್ಲಿ." ಆ ಮಾತು ಚುಚ್ಚಿತು. ಆದರೆ ಈ ಸಲ ಅವಳು ಮುಖ ನೋಡಿ ಆಡಿದ್ದಳು.

ಡಾಕ್ಟರು ಅಲರ್ಜಿ ಎಂದು ಗುರುತಿಸಿ ಸ್ಪ್ರೇ ಬರೆದುಕೊಟ್ಟರು, ಹಳೆಯ ಡ್ರಾಪ್ಸ್ ಬಿಡಿಸಿದರು, ಮಾಸ್ಕು ಬದಲಿಸಿದರು. ಎಲ್ಲ ಒಂದೇ ರಾತ್ರಿಗೆ ಸರಿಹೋಗಲಿಲ್ಲ. ಕೆಲವು ರಾತ್ರಿ ಅರ್ಧಕ್ಕೇ ಕಿತ್ತಿಟ್ಟಳು, ಮತ್ತೆ ಹಾಕಿಕೊಂಡಳು. ಫಿಲ್ಟರು ನೋಡುವ ಕೆಲಸವನ್ನು ಗಂಡ ತಾನೇ ವಹಿಸಿಕೊಂಡ. ದಿನ ಕಳೆದಂತೆ ಹಗಲಿನ ತೂಕಡಿಕೆ ನಿಂತಿತು.

ಸೊಸೆ ಅದನ್ನೆಲ್ಲ ಗಮನಿಸುತ್ತಲೇ ಇದ್ದಳು. ಒಂದು ಬೆಳಿಗ್ಗೆ ಚೀಲವನ್ನಷ್ಟೇ ಹೆಗಲಿಗೇರಿಸಿ, ಮಗುವನ್ನು ಅತ್ತೆಯ ಮಡಿಲಲ್ಲಿ ಕೂರಿಸಿದಳು. "ಮಧ್ಯಾಹ್ನ ಬೇಗ ಬರ್ತೀನಿ ಅತ್ತೆ." ಟೈಲರಮ್ಮ ಅವತ್ತು ಹೊಲಿಗೆಗೇ ಕೂರಲಿಲ್ಲ.

ಓದುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಯಂತ್ರವೊಂದು ಮೂಲೆ ಸೇರಿದೆಯೇ? ಮೂಗು ಕಟ್ಟಿದರೆ ಅದನ್ನು ನೀವಾಗಿಯೇ ಬಿಟ್ಟುಬಿಡಬೇಡಿ. ನೀರು, ಫಿಲ್ಟರು, ಮಾಸ್ಕು ನೋಡಿ. ಡಾಕ್ಟರನ್ನು ಕೇಳಿ. ಜ್ವರ, ಮುಖದ ನೋವು, ಗಟ್ಟಿ ಸಿಂಬಳ ಇದ್ದರಂತೂ ತಡಮಾಡಬೇಡಿ. ಮನೆಯವರೇ, ನಗುವ ಮುಂಚೆ ಒಮ್ಮೆ ಯೋಚಿಸಿ. ನಾಚಿಕೆ ಟೈಲರಮ್ಮನಿಗೆ ಇನ್ನೂ ಪೂರ್ತಿ ಹೋಗಿಲ್ಲ. ನಿಮಗೂ ಆಗಬಹುದು, ಆಗಲಿ. ಮಾಸ್ಕು ಹಾಕಿಕೊಂಡೇ ನಾಚಿಕೊಳ್ಳಿ.