ಜಾಹೀರಾತಿಲ್ಲದ ಟೇಪು

ಅಟ್ಟದ ಮೇಲಿದ್ದ ಹಳೇ ವಿಡಿಯೋ ಟೇಪನ್ನು ಕೆಳಗಿಳಿಸಿದ್ದು ನನ್ನ ಗಂಡ ಲೈಲ್. ಮಿಶಿಗನ್ನಿನ ಈ ಉತ್ತರದ ಮೂಲೆಗೆ, ನನ್ನ ತವರಿಗೆ, ಅವನು ಕ್ರಿಸ್‌ಮಸ್‌ಗೆ ಬರುವುದೇ ಅಪರೂಪ. ಬಂದವನು ಸುಮ್ಮನೆ ಕೂರಬಾರದೆ? "ಮಾರ್ಲಿಸ್, ನಿನ್ನ ಪೆಂಗ್ವಿನ್ ಸಿಕ್ತು ನೋಡೇ!" ಎಂದು ಕುಣಿದ.

ನಾನು ಚಿಕ್ಕವಳಿದ್ದಾಗ ಪ್ರತಿ ಡಿಸೆಂಬರಿಗೆ ಟೀವಿಯಲ್ಲಿ ಬರುತ್ತಿದ್ದ ಅಗ್ಗದ ಕಾರ್ಟೂನು ಅದು. ಉತ್ತರ ಧ್ರುವದಲ್ಲಿ ಪೆಂಗ್ವಿನ್ನು! ಅದು ಎಷ್ಟು ಓಡಿದರೂ ಹಿಂದೆ ಸರಿಯುವುದು ಅದೇ ನಾಲ್ಕು ಮರ. ಮಾತಾಡುವಾಗ ಕೊಕ್ಕೊಂದು ಬಿಟ್ಟು ಮೈಯೆಲ್ಲ ಕಲ್ಲು. ಆದರೂ ನನಗೆ ಅದೆಂದರೆ ಪ್ರಾಣ.

ಒಂದು ವರ್ಷ ಅದು ಬಂದ ಸಂಜೆ ನಾನು ಚರ್ಚಿನಲ್ಲಿ ನಾಟಕದ ತಾಲೀಮಿನಲ್ಲಿದ್ದೆ. ತಪ್ಪಿಹೋಗದಿರಲಿ ಅಂತ ಅಪ್ಪ ಟೇಪು ಮಾಡಿದ್ದ. ಕಾರ್ಟೂನು ಮುಗಿಯುವ ಹೊತ್ತಿಗೆ, ನನ್ನನ್ನು ಕರೆತರಲು ಅಮ್ಮ ಅಣ್ಣ ಕರ್ಟ್‌ನನ್ನು ಟ್ರಕ್ಕಿನಲ್ಲಿ ಕಳಿಸಿದಳು. ಟ್ರಕ್ಕು ಹಿಮದಲ್ಲಿ ಜಾರಿ ಕೆರೆಗೆ ಬಿತ್ತು. ಕರ್ಟ್ ಬದುಕಲಿಲ್ಲ. ಅವನಿಗೆ ಹದಿನೇಳು. ಆ ಟೇಪನ್ನು ಮತ್ತೆ ಯಾರೂ ಹಾಕಲಿಲ್ಲ.

ಅಂದಿನಿಂದ ಮನೆಯಲ್ಲಿ ಅಮ್ಮ ಅಪ್ಪನದು ಒಂದೇ ಜಗಳ.

"ರಸ್ತೆ ಹೇಗಿದೆಯಂತೆ ಅಂತ ಅಡುಗೆಮನೆಯಿಂದ ನಿನ್ನ ಕೇಳಿದ್ದೆ ಆರ್ವಿಡ್. ಟೀವೀಲಿ ಏನೂ ಹೇಳಿಲ್ಲ ಅಂತ ನೀನಂದೆ."

"ನೀನು ಕೇಳಲೇ ಇಲ್ಲ ಎಲ್ವಿ. ಟೇಪು ರೆಕಾರ್ಡಿಗೆ ಹಾಕಿಟ್ಟು ನಾನು ನೆಲಮಾಳಿಗೇಲಿ ಒಲೆಗೆ ಸೌದೆ ಹಾಕ್ತಿದ್ದೆ."

ಹೇಳಿ ಹೇಳಿ ಅಮ್ಮ ಸೋತಳು. ಕೊನೆಕೊನೆಗೆ "ಕೇಳಿರಲಿಲ್ವೇನೋ" ಎನ್ನತೊಡಗಿದಳು. ಊರು ಅಪ್ಪನನ್ನು ನಂಬಿತು, ನಾನೂ ನಂಬಿದೆ. ಹೆತ್ತವಳನ್ನು ದೂರುವುದು ಅದೆಷ್ಟು ಸುಲಭ!

ಈ ಜಗಳವಾಗಲಿ, ಅದು ಆ ಸಂಜೆಯ ಟೇಪೆಂದಾಗಲಿ ಗೊತ್ತಿಲ್ಲದ ಲೈಲ್ ಟೇಪು ಹಾಕಿಯೇಬಿಟ್ಟ. ಬೇಡ ಅನ್ನಲು ನಾನು ಬಾಯಿ ತೆರೆದೆ. ಅಮ್ಮ, "ಇರ್ಲಿ ಬಿಡು, ಕರ್ಟ್ ಮನೇಲಿದ್ದ ಕೊನೇ ಸಂಜೆ ಅದು" ಎಂದಳು. ಎಂಬತ್ತು ದಾಟಿದ ಅಪ್ಪ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

"ಒಂದೂ ಜಾಹೀರಾತಿಲ್ವಲ್ಲ ಮಾವ, ಭಲೇ!" ಎಂದ ಲೈಲ್.

ಹೊಗಳಿಕೆ ಕಿವಿಗೆ ಬಿದ್ದದ್ದೇ ಅಪ್ಪನ ನಿದ್ದೆ ಹಾರಿತು. "ಸುಮ್ನೆ ಆಗುತ್ತೇನೋ? ಜಾಹೀರಾತು ಬಂದಾಗೆಲ್ಲ ನಿಲ್ಲಿಸ್ಬೇಕಲ್ಲ! ಶುರುವಿಂದ ಕೊನೇತನಕ ಬೆರಳು ಗುಂಡಿ ಮೇಲೇ ಇಟ್ಟು ಕೂತಿದ್ದೆ. ಪರದೆಯಿಂದ ಕಣ್ಣು ಕೀಳಲಿಲ್ಲ!"

ಅಮ್ಮನ ಕೈಯಲ್ಲಿದ್ದ ಹೆಣಿಗೆ ನಿಂತಿತು.

ಸ್ವಲ್ಪ ಹೊತ್ತಿಗೆ ಪರದೆಯ ಕೆಳಗೆ ಬಿಳಿ ಅಕ್ಷರಗಳು ಹರಿಯತೊಡಗಿದವು. ಬಿರುಗಾಳಿ, ಕೆರೆ ರಸ್ತೆ ಮುಚ್ಚಿದೆ, ಯಾರೂ ವಾಹನ ತೆಗೆಯಬೇಡಿ. ಪೆಂಗ್ವಿನ್ ಕುಣಿಯುತ್ತಲೇ ಇತ್ತು. ಅದರ ಕಾಲಡಿ ಅದೇ ಸಾಲು ಮತ್ತೆ ಬಂತು, ಮತ್ತೆ ಬಂತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಪ್ಪನ ಕೈ ರಿಮೋಟಿಗೆ ಹೋಯಿತು. ಅಮ್ಮ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು.

"ನಾನು ಕೇಳಿದ್ದೆ, ಅಲ್ವಾ?"

"ಅಕ್ಷರ ಸಣ್ಣದಿತ್ತು ಎಲ್ವಿ... ಮಗೂದು ಟೇಪು ಕೆಡುತ್ತಲ್ಲ ಅಂತ ನನ್ನ ಗಮನ ಎಲ್ಲೋ..."

"ಅದು ಬಿಡು. ನಾನು ಕೇಳಿದ್ನಾ, ಇಲ್ವಾ?"

ಅಪ್ಪ ಲೈಲ್‌ನ ಮುಖ ನೋಡಿದ, ನನ್ನ ಮುಖ ನೋಡಿದ. ಮಗ ಸತ್ತ ಸಂಕಟ ಆ ಸುಳ್ಳು ಆಡಿಸಿರಬಹುದು. ಆದರೂ ಅವನ ನೆರವಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ.

"ಕೇಳಿದ್ದೆ ಕಣೇ ನೀನು," ಎಂದ ಗಂಟಲಲ್ಲೇ.

ಅಮ್ಮ ಅಳಲಿಲ್ಲ.

"ಜೋರಾಗಿ ಹೇಳು," ಎಂದಳು. "ಮಗಳಿಗೂ ಕೇಳ್ಲಿ."