ಸುಮಿತ್ರಮ್ಮನ ಐದು ಸ್ಟಾರು

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಲತಾಮಣಿಯ ಟೈಲರ್ ಅಂಗಡಿಗೆ ಫೋನಿನಲ್ಲಿ ಇನ್ನೂರ ಹದಿನಾರು ಜನ ಐದೈದು ಸ್ಟಾರು ಕೊಟ್ಟಿದ್ದರು. ಕೊಡದೆ ಏನು ಮಾಡಿಯಾರು? ಸೂಜಿ ಹಿಡಿಯಲೊಲ್ಲದ ಮಗಳು ಹೇಮಾಶ್ರೀ ಬ್ಲೌಸನ್ನು ಕವರಿಗೆ ಹಾಕಿ ಕೊಡುವ ಮೊದಲೇ, "ಆಂಟಿ, ಫೋನ್ ಕೊಡಿ, ನಾನೇ ಒತ್ಕೊಡ್ತೀನಿ" ಎಂದು ಒತ್ತಿಬಿಡುತ್ತಿದ್ದಳು. ತೊಟ್ಟು ನೋಡುವ ಮುಂಚೆಯೇ ಬ್ಲೌಸು ಸೂಪರ್! ಊಟಕ್ಕೆ ಕೂರುವ ಮೊದಲೇ ತೇಗಿದ ಹಾಗೆ.

ಗಿರಾಕಿಗಳು ಬರುತ್ತಿದ್ದರು. ಒಮ್ಮೆ ಬಂದವರು ಮತ್ತೆ ಬಂದದ್ದು ಕಡಿಮೆ, ಅಷ್ಟೇ. ಲತಾಮಣಿಯ ಕಣ್ಣು ಮಾತ್ರ ಬಾಗಿಲ ಕಡೆಗೇ ಇರುತ್ತಿತ್ತು. ಬಾಣಾವರದ ಸುಮಿತ್ರಮ್ಮ ಬಂದು ಎಂಟು ತಿಂಗಳಾಗಿತ್ತು. ಫೋನು ಮಾಡಿದರೆ "ಬತ್ತೀನಿ ಬತ್ತೀನಿ" ಎಂದಷ್ಟೇ.

ಸುಮಿತ್ರಮ್ಮ ಇಪ್ಪತ್ತೆರಡು ವರ್ಷದ ಗಿರಾಕಿ. ಒಂದೇ ಒಂದು ಬ್ಲೌಸನ್ನೂ ಒಂದೇ ಸಲಕ್ಕೆ ಒಪ್ಪಿದವಳಲ್ಲ. ಒಯ್ದ ಮೂರನೆಯ ದಿನ ರೈಲು ಹತ್ತಿ ಬಂದು, ಬ್ಲೌಸನ್ನು ಮಿಷನ್ನಿನ ಮೇಲೆ ಎಸೆದು, "ಏನೇ ಲತಾ, ಇದು ನಂಗೆ ಹೊಲಿದಿದ್ದೋ ತೆಂಗಿನ ಮರಕ್ಕೋ?" ಎನ್ನುವಳು. ಬಿಚ್ಚಿ ಸರಿಮಾಡುವ ತನಕ ಅಲ್ಲೇ ಕೂತು, ತಂದ ಚಕ್ಕುಲಿ ತಿನ್ನಿಸಿ, ಸಂಜೆಯ ಗಾಡಿಗೆ ಹೊರಡುವಳು. ಗಂಡ ತೀರಿಕೊಂಡ ವರ್ಷ ಲತಾಮಣಿಯ ಕೈ ನಡುಗಿ ಹೊಲಿಗೆ ಕೆಟ್ಟಾಗ ಊರೆಲ್ಲ ಅಯ್ಯೋ ಪಾಪ ಎಂದು ಸುಮ್ಮನಾಗಿತ್ತು. ಬೈದು, ಕೂರಿಸಿ, ಮತ್ತೆ ಹೊಲಿಸಿದವಳು ಆಕೆಯೊಬ್ಬಳೇ. ಈಗ ತನ್ನ ಕೈ ನೆಟ್ಟಗಿದೆಯೋ ಕೆಟ್ಟಿದೆಯೋ, ಲತಾಮಣಿಗೆ ಹೇಳುವವರೇ ಇಲ್ಲ. ಆ ಬೈಗುಳಕ್ಕಾಗಿ ಅವಳ ಜೀವ ಹಂಬಲಿಸುತ್ತಿತ್ತು.

ಒಂದು ಮಧ್ಯಾಹ್ನ ಹೇಮಾಶ್ರೀ ಫೋನು ನೋಡುತ್ತಾ ಸ್ಟಾರು ಕೊಟ್ಟವರ ಹೆಸರು ಓದುತ್ತಿದ್ದಳು. ನಡುವೆ ಸುಮಿತ್ರಮ್ಮನ ಹೆಸರೂ ಬಂತು. ಎಂಟು ತಿಂಗಳ ಹಿಂದಿನದು. ಐದು ಸ್ಟಾರು, ಕೆಳಗೆ 'ತುಂಬಾ ಚೆನ್ನಾಗಿದೆ'.

"ಅಕ್ಕ ಬರೆಯೋ ಮಾತಲ್ಲ ಇದು" ಎಂದಳು ಲತಾಮಣಿ.

"ನಾನೇ ಬರ್ದೆ ಕಣಮ್ಮ. ಅವರು ಹೂಂ ಅಂದ್ರು."

ಮರುದಿನ ಬೆಳಿಗ್ಗೆ ಲತಾಮಣಿ ಬಾಣಾವರದ ಗಾಡಿ ಹತ್ತಿದಳು.

ಸುಮಿತ್ರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತೊಟ್ಟಿದ್ದ ರವಿಕೆ ಬೇರೆ ಯಾರದೋ ಕೈಯದ್ದು. ಬೆನ್ನು ದೊಗಳೆ. ಲತಾಮಣಿಗೆ ಹೊಟ್ಟೆ ಉರಿಯಿತು. ಗಂಡ ಬದುಕಿದ್ದಾಗ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ.

"ಯಾರಕ್ಕಾ ಇದನ್ನ ಹೊಲಿದಿದ್ದು?"

"ಸ್ಟೇಷನ್ ತಾವ ಒಬ್ಬ ಅವ್ನೆ. ಹೊಲಿಯಾಕೆ ಬರಾಕಿಲ್ಲ. ಬೈದ್ರೆ ಬೈಸ್ಕತಾನೆ."

"ನಾನು ಬೈಸ್ಕತಿರ್ಲಿಲ್ವಾ?"

ಸುಮಿತ್ರಮ್ಮನ ಕೈ ನಿಂತಿತು. "ಊರಿಗೆಲ್ಲ ಕಾಣೋ ಹಂಗೆ ಚೆನ್ನಾಗೈತೆ ಅಂತ ಬರೆಸ್ಬುಟ್ಟೆ. ನಿನ್ ಮಗಳ ಮುಂದೆ ಹೂಂ ಅಂದಿವ್ನಿ. ಆಮೇಲೆ ಯಾವ್ ಮಕ ಇಟ್ಕಂಡು ಬಂದು ಚೆನ್ನಾಗಿಲ್ಲ ಅನ್ಲಿ? ಆಡಿದ ಮಾತು ತಿರುಗ್ಸೋಳಲ್ಲ ಕಣೇ ನಾನು."

"ಚೆನ್ನಾಗಿರ್ಲಿಲ್ವಾ ಅಕ್ಕಾ?"

ಸುಮಿತ್ರಮ್ಮ ಒಳಗೆ ಹೋಗಿ, ಎಂಟು ತಿಂಗಳ ಹಿಂದೆ ಲತಾಮಣಿ ಹೊಲಿದುಕೊಟ್ಟಿದ್ದ ನೀಲಿ ಬ್ಲೌಸನ್ನು ತಂದು ಅವಳ ಮಡಿಲಿಗೆ ಹಾಕಿದಳು. ಲತಾಮಣಿ ಬಿಸಿಲಿಗೆ ಹಿಡಿದು ನೋಡಿದಳು. ಎಲ್ಲ ಸರಿಯಾಗಿಯೇ ಇದ್ದಂತೆ ಕಂಡಿತು. ಅನುಮಾನ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬೆರಳು ನೆಟ್ಟಗೆ ಹೋಗಲಿಲ್ಲ. ಅತ್ತ ವಾಲಿತು, ಇತ್ತ ವಾಲಿತು, ಕಂಕುಳ ಹತ್ತಿರ ಬಟ್ಟೆಯ ಅಂಚಿಗೇ ಬಂದು ನಿಂತಿತು. ಇಂಥದ್ದನ್ನೇ ತೊಟ್ಟು ಎಷ್ಟು ಜನ ಮದುವೆ ಮುಂಜಿಗೆ ಹೋಗಿದ್ದರೋ. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ನಂಗೆ ಕಾಣ್ತಿಲ್ಲ ಅಕ್ಕಾ" ಎಂದಳು.

ಸುಮಿತ್ರಮ್ಮ ಅವಳ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣೊಳಗೆ ದಿಟ್ಟಿಸಿದಳು.

"ಅಯ್ಯೋ, ಪೊರೆ ಬಂದೈತಲ್ಲೇ! ಎಂಟು ತಿಂಗ್ಳು ಈ ಬ್ಲೌಸ ಪೆಟ್ಟಿಗೇಲಿ ಮಡಿಕ್ಕಂಡು ಕೂತಿದ್ನಲ್ಲಾ ನಾನು! ನನ್ ಬಾಯಿಗೆ ಏನ್ ಬಡಿದಿತ್ತೇ?"

ಇಪ್ಪತ್ತೆರಡು ವರ್ಷದಲ್ಲಿ ಸುಮಿತ್ರಮ್ಮ ತನ್ನನ್ನು ತಾನೇ ಬೈದುಕೊಂಡದ್ದನ್ನು ಲತಾಮಣಿ ಕೇಳಿದ್ದು ಅದೇ ಮೊದಲು.