ಲೈನ್ ಗಾಡಿಯ ಸೀಟು

ಯಾರ್ಡಿನಲ್ಲಿ ಎಲ್ಲರೂ ಅವನನ್ನು ಲೋಕಲಣ್ಣ ಎಂದೇ ಕರೆಯುತ್ತಿದ್ದರು. ಅಲ್ಲಿದ್ದ ಹದಿನಾಲ್ಕು ಲಾರಿಗಳಲ್ಲಿ ಹತ್ತು ಲೈನ್ ಗಾಡಿ, ನಾಲ್ಕು ಲೋಕಲ್. ಲೈನ್ ಎಂದರೆ ಮೂರು ನಾಲ್ಕು ದಿನ ಹೊರಗೇ ಇದ್ದು, ದೂರದ ಊರುಗಳನ್ನು ಸುತ್ತಿ ಬರುವಂಥದ್ದು. ಲೋಕಲ್ ಎಂದರೆ ಬೆಳಿಗ್ಗೆ ಗೋದಾಮಿನಲ್ಲಿ ಸಿಮೆಂಟು ತುಂಬಿಸಿಕೊಂಡು, ಸುತ್ತಲ ಅಂಗಡಿಗಳಿಗೆ ಇಳಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂಥದ್ದು. ಸಿಮೆಂಟಿನ ಧೂಳು ಅವನ ಹುಬ್ಬಿನಲ್ಲಿ ಹೇಗೆ ಮನೆ ಮಾಡಿತ್ತೆಂದರೆ, ಸ್ನಾನ ಮಾಡಿ ಬಂದ ದಿನವೂ ಗುಮಾಸ್ತ, "ಏನಣ್ಣ, ತಲೆಗಿಂತ ಮೊದಲು ಹುಬ್ಬಿಗೇ ವಯಸ್ಸಾಯ್ತಲ್ಲ" ಎಂದು ಕಾಲೆಳೆಯುತ್ತಿದ್ದ.

ಆರು ವರ್ಷದ ಹಿಂದೆ ಅವನೂ ಅವನ ಷಡ್ಡಕನೂ ಇಬ್ಬರೂ ಲೋಕಲ್ಲೇ ಓಡಿಸುತ್ತಿದ್ದರು. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಇವನಿಗಿಂತ ನಾಲ್ಕು ವರ್ಷ ದೊಡ್ಡವನು, ಮಾತಿನಲ್ಲಿ ಇನ್ನೂ ದೊಡ್ಡವನು. ಧಣಿ ಹೊಸದೊಂದು ಲೈನ್ ಗಾಡಿ ಕೊಂಡು ಮೊದಲು ಕರೆದದ್ದು ಇವನನ್ನೇ. ಆಗ ಷಡ್ಡಕ ಇವನನ್ನು ಟೈರಿನ ರಾಶಿಯ ಹಿಂದೆ ಕೂರಿಸಿಕೊಂಡು ಅರ್ಧ ಗಂಟೆ ಬುದ್ಧಿ ಹೇಳಿದ್ದ. ಲೈನಿನಲ್ಲಿ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತಾರೆ, ಪರ ಊರಿನ ಗೋದಾಮಿನ ಮುಂದೆ ಎರಡು ದಿನ ಕಾದರೆ ಚಕ್ರವೂ ತಿರುಗುವುದಿಲ್ಲ, ಕಾಸೂ ಹುಟ್ಟುವುದಿಲ್ಲ, ಊಟ ತಿಂಡಿ ಎಲ್ಲ ಸ್ವಂತ ಜೇಬಿನಿಂದ, ಕೊನೆಗೆ ಕೈಗೆ ಉಳಿಯುವುದು ಲೋಕಲ್ಲಿನಷ್ಟೇ ಎಂದು ಬೆರಳು ಮಡಿಸಿ ಮಡಿಸಿ ತೋರಿಸಿದ್ದ. ಆಮೇಲೆ ಇವನ ಹೆಗಲ ಮೇಲೆ ಕೈಯಿಟ್ಟು, "ನಿನಗೆ ಚಿಕ್ಕ ಮಕ್ಕಳಿದಾವೆ ತಮ್ಮ. ಅಲೆಯೋ ಹಣೆಬರಹ ನನಗಿರಲಿ ಬಿಡು" ಎಂದಿದ್ದ.

ಇವನ ಕಣ್ಣಲ್ಲಿ ನೀರು ಬಂದಿತ್ತು.

ಆ ಉಪಕಾರವನ್ನು ಇವನು ಒಂದು ದಿನವೂ ಮರೆಯಲಿಲ್ಲ. ಷಡ್ಡಕ ಊರಲ್ಲಿರುವುದಿಲ್ಲ ಎಂದು ಅವನ ಮನೆಯ ಕೆಲಸಗಳನ್ನೂ ಮೈಮೇಲೆ ಹಾಕಿಕೊಂಡ. ಗಂಡುಮಕ್ಕಳಿಲ್ಲದ ಮಾವ ಆ ದೊಡ್ಡ ಮಗಳ ಮನೆಯಲ್ಲೇ ಇದ್ದರು. ಐದು ವರ್ಷದಿಂದ ಅವರ ಕಾಲಿನ ಹುಣ್ಣು ಮಾಯ್ದ ಹಾಗೆ ಕಂಡು ಮತ್ತೆ ಬಾಯಿ ಬಿಡುತ್ತಿತ್ತು. ಮಂಗಳವಾರ, ಶುಕ್ರವಾರ ಆಸ್ಪತ್ರೆಯಲ್ಲಿ ಪಟ್ಟಿ ಬದಲಾಯಿಸಬೇಕು. ಆಸ್ಪತ್ರೆ ಇವನ ದಾರಿಯಲ್ಲೇ ಇತ್ತು. ತುಂಬಿದ ಲಾರಿಯನ್ನು ಷಡ್ಡಕನ ಮನೆಯ ಮುಂದೆ ನಿಲ್ಲಿಸಿ, ಮಾವನನ್ನು ಮಗುವಿನ ಹಾಗೆ ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಷಡ್ಡಕ ಲೈನಿನಿಂದ ಬಂದಾಗಲೆಲ್ಲ ಸೊಂಟ ಹಿಡಿದುಕೊಂಡು, ನಿನ್ನದೇ ವಾಸಿ ಕಣೋ, ಬಿಸಿ ಅನ್ನ ಉಣ್ಣುತ್ತೀಯ ಎಂದು ನಿಟ್ಟುಸಿರು ಬಿಡುತ್ತಿದ್ದ. ಇವನು ಎದ್ದು ತನ್ನ ಕುರ್ಚಿ ಬಿಟ್ಟುಕೊಡುತ್ತಿದ್ದ.

ಈ ವರ್ಷ ಷಡ್ಡಕ ಸ್ವಂತ ಲಾರಿ ಕೊಂಡ. ಹಳೆಯದೇ, ಆದರೆ ಎಂಜಿನ್ ಗಟ್ಟಿಯಾಗಿತ್ತು. ಸಾಲ ಎಂದು ಹೇಳಿದ. ಎಷ್ಟು ಸಾಲ ಎಂದರೆ ಮಾತು ಟೈರಿನ ಕಡೆಗೆ ತಿರುಗಿತು. ಅಷ್ಟೇ ಸಂಬಳದಲ್ಲಿ ಒಂದು ಸೈಕಲ್ ಕೊಳ್ಳಲೂ ತನಗೆ ಆಗಿರಲಿಲ್ಲವಲ್ಲ ಎಂದು ಇವನು ಒಂದು ವಾರ ಒಳಗೊಳಗೇ ಗುದ್ದಾಡಿದ. ಕೊನೆಗೆ ಗುಮಾಸ್ತನನ್ನು ಕೇಳಿದ. ಗುಮಾಸ್ತ ತಮಾಷೆಯೆಂದುಕೊಂಡು ನಕ್ಕ, ಆಮೇಲೆ ಮುಖ ನೋಡಿ ನಗು ನಿಲ್ಲಿಸಿದ. ಲೋಕಲ್ಲಿಗೆ ತಿಂಗಳಿಗೆ ಹದಿನೆಂಟು ಸಾವಿರ, ಅಷ್ಟೇ. ಲೈನಿಗೆ ಕಿಲೋಮೀಟರಿನ ದುಡ್ಡು ಬೇರೆ, ಊಟಕ್ಕೆ ದಿನದ ಬಾಟಾ ಬೇರೆ, ಆರು ಗಂಟೆಗಿಂತ ಹೆಚ್ಚು ಕಾದರೆ ಅದಕ್ಕೂ ಬೇರೆ.

"ಎಂಥಾ ಸೋಮಾರಿಗೂ ಮೂವತ್ತೈದಕ್ಕೆ ಕಡಿಮೆ ಬೀಳಲ್ಲ ಅಣ್ಣ. ನಿಮ್ಮವನಂತೂ ಸೋಮಾರಿಯಲ್ಲ" ಎಂದ ಗುಮಾಸ್ತ.

ಆದರೂ ಇವನು ಷಡ್ಡಕನ ಮೇಲೆ ಹರಿಹಾಯಲಿಲ್ಲ. ಮೊದಮೊದಲು ಹಾಗಿರಲಿಲ್ಲವೇನೋ, ಆಮೇಲೆ ಹೆಚ್ಚಾಗಿರಬೇಕು, ಹೇಳಲು ಸಂಕೋಚವಾಗಿರಬೇಕು ಎಂದು ತಾನೇ ಅವನ ಪರ ವಾದ ಮಾಡಿಕೊಂಡ. ಈಗ ಹೇಗೂ ಆ ಸೀಟು ಖಾಲಿಯಾಗುತ್ತಿತ್ತು. ಮಗಳಿಗೆ ಲ್ಯಾಬಿನ ಕೋರ್ಸಿಗೆ ಸೇರುವ ಆಸೆ. ಮೂವತ್ತೈದು ಬಂದರೆ ಅದು ಆಗುತ್ತದೆ, ಹದಿನೆಂಟರಲ್ಲಿ ಆಗುವುದಿಲ್ಲ.

ಆ ಯಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಲೈನ್ ಬಿಡುವವನು ತನ್ನ ಕೊನೆಯ ಓಟಕ್ಕೆ ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಕು. ಯಾವ ಗೋದಾಮಿನ ಗೇಟು ಎಷ್ಟು ಕಿರಿದು, ಯಾವ ಇಳಿಜಾರಿನಲ್ಲಿ ಗೇರು ಹಿಡಿಯಬೇಕು, ಎಲ್ಲ ತೋರಿಸಬೇಕು. ಹೋಗುವಾಗ ಒಬ್ಬ ಓಡಿಸಬೇಕು, ಬರುವಾಗ ಇನ್ನೊಬ್ಬ. ವಾಪಸು ಬಂದಾಗ ಸ್ಟೇರಿಂಗಿನ ಕಡೆಯಿಂದ ಯಾರು ಇಳಿಯುತ್ತಾನೋ ಸೀಟು ಅವನದು. ಧಣಿಯೂ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಇವನು ಹೋಗಿ ಬಾಯಿಬಿಟ್ಟು ಕೇಳಿದ. ಷಡ್ಡಕ ಒಂದು ಕ್ಷಣ ಎಲ್ಲೋ ನೋಡಿ, ಅದಕ್ಕೇನಂತೆ, ಸೋಮವಾರ ಎಂಟು ಗಂಟೆಗೆ ಬಾ ಎಂದ.

ಸೋಮವಾರ ಏಳೂವರೆಗೇ ಅವನು ಎರಡು ಜೊತೆ ಬಟ್ಟೆ, ಒಂದು ಹೊದಿಕೆ ಚೀಲಕ್ಕೆ ತುಂಬಿಕೊಂಡು ಯಾರ್ಡಿಗೆ ಬಂದ. ಗಾಡಿ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಐದಕ್ಕೇ ಹೊರಟುಹೋಯಿತು, ಪಕ್ಕದಲ್ಲಿ ಇನ್ನೊಂದು ಲೋಕಲ್ ಗಾಡಿಯ ಡ್ರೈವರ್ ಕೂತಿದ್ದ ಎಂದು ಕಾವಲುಗಾರ ಹೇಳಿದ. ಲೋಕಲಣ್ಣ ಸೀದಾ ಧಣಿಯ ಕೋಣೆಗೆ ಹೋದ. ಧಣಿಗೆ ಇವನ ಚೀಲ ನೋಡಿ ನಿಜಕ್ಕೂ ಆಶ್ಚರ್ಯವಾಯಿತು. ಈ ಆರು ವರ್ಷದಲ್ಲಿ ಮೂರು ಸಲ ಲೈನ್ ಸೀಟು ಖಾಲಿಯಾಗಿತ್ತಂತೆ. ಮೂರು ಸಲವೂ ಇವನ ಹೆಸರೇ ಮೊದಲು ಬಂತಂತೆ.

"ಮನೆ ಬಿಟ್ಟು ಬರೋಕೆ ನಿನಗೆ ಇಷ್ಟ ಇಲ್ಲ ಅಂತ ನಿನ್ನ ಷಡ್ಡಕನೇ ಬಂದು ಹೇಳ್ತಿದ್ದ. ಮೊನ್ನೆನೂ ಹೇಳಿದ. ನಿಮ್ಮ ಮನೆಯವನ ಮಾತು ನಂಬದೆ ಇರೋಕಾಗುತ್ತಾ?"

ನನ್ನನ್ನೇ ಕರೆದು ಕೇಳಬಹುದಿತ್ತಲ್ಲ ಎಂಬ ಮಾತು ಲೋಕಲಣ್ಣನ ಬಾಯಿತನಕ ಬಂತು. ತಾನೇನು ಧಣಿಯನ್ನು ಕೇಳಿದ್ದನೇ? ಚೀಲವನ್ನು ಕ್ಯಾಬಿನ್ನಿನಲ್ಲಿಟ್ಟು ಸಿಮೆಂಟು ತುಂಬಿಸಲು ಹೋದ. ಆ ದಿನ ಎರಡು ಅಂಗಡಿಗಳಲ್ಲಿ ಮೂಟೆಯ ಎಣಿಕೆ ತಪ್ಪಿದ.

ಸಂಜೆ ಹೆಂಡತಿ ಕಾಳು ಆರಿಸುತ್ತಿದ್ದಳು. ಅವನು ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯುತ್ತಾಳೆ, ಅಕ್ಕನ ಮನೆಗೆ ಈಗಲೇ ಹೋಗೋಣ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳ ಬೆರಳುಗಳು ಮಾತ್ರ ಮೊರದ ಮೇಲೆ ನಿಂತವು. ಕಲ್ಲು ಯಾವುದು, ಕಾಳು ಯಾವುದು ಎಂದು ಮರೆತವಳ ಹಾಗೆ ಕೂತಳು. ಅವನಿಗೆ ಅಷ್ಟರಲ್ಲೇ ತಿಳಿಯಿತು.

"ನಿನಗೆ ಗೊತ್ತಿತ್ತು."

"ಅಪ್ಪನ್ನ ಯಾರು ಕರ್ಕೊಂಡ್ಹೋಗ್ತಿದ್ರು ಹೇಳಿ. ಭಾವ ಇರಲ್ಲ. ನೀವೂ ಇರದಿದ್ರೆ?"

"ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೊರಕ್ಕೇ ಹೇಳುವ ಹಾಗೆ ಹೇಳಿದಳು. "ಇಲ್ಲ ಅನ್ನಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಕೇಳಿದ್ರೆ ಋಣ ಆಗುತ್ತೆ, ಸಂಪಾದನೇಲಿ ಪಾಲು ಕೊಡಬೇಕಾಗುತ್ತೆ ಅಂತ ಅಕ್ಕ ಅಂದ್ಲು. ನಾನು ಸುಮ್ಮನಿದ್ದೆ."

ಅವನಿಗೆ ಹದಿನೆಂಟು, ಮೂವತ್ತೈದು ಎಲ್ಲ ಮರೆತೇಹೋಯಿತು. ಷಡ್ಡಕ ಊರಿಗೆ ಬಂದಾಗಲೆಲ್ಲ ತಾನು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದುದು ನೆನಪಾಯಿತು. ಆಗ ಈ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬಹುದೆ ಎಂದು ಯೋಚಿಸಿದ. ಊಟ ಮಾಡದೆ ಎದ್ದ.

ಮರುದಿನ ಮಂಗಳವಾರ. ಮನಸ್ಸು ಬೇಡವೆಂದರೂ ಲಾರಿ ಅದೇ ತಿರುವಿನಲ್ಲಿ ತಿರುಗಿ ಷಡ್ಡಕನ ಮನೆಯ ಮುಂದೆ ನಿಂತಿತು. ಮಾವ ಜಗುಲಿಯ ಮೇಲೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಪಟ್ಟಿ ಕಟ್ಟಿದ ಇನ್ನೊಂದು ಕಾಲು ಚಾಚಿ ಕೂತಿದ್ದರು. ಹೆಂಡತಿಯ ಅಕ್ಕ ಆಸ್ಪತ್ರೆಯ ಚೀಟಿಗಳ ಕವರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಂಗಿಯಿಂದ ಸುದ್ದಿ ಬಂದಿತ್ತೆಂಬುದು ಅವಳ ಮುಖದಲ್ಲೇ ಇತ್ತು. ಆದರೂ ಎಂದಿನಂತೆ ಕವರನ್ನು ಅವನ ಕಡೆ ಚಾಚಿದಳು.

ಅವನು ಕೈ ನೀಡಲಿಲ್ಲ.

"ಅಕ್ಕ, ಒಂದೇ ಒಂದು ಸಲ ಕೇಳು. ಅಪ್ಪನ್ನ ಕರ್ಕೊಂಡ್ಹೋಗ್ತೀಯಾ ಅಂತ. ಕರ್ಕೊಂಡ್ಹೋಗ್ತೀನಿ."

ಅವಳು ಕೆಳಗೆ ನೋಡಿದಳು. ಮಾವ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ಒಂದು ಮಾತು, ಅಷ್ಟು ಸಾಕಿತ್ತು ಅವನಿಗೆ. ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಅವಳ ತುಟಿ ಒಮ್ಮೆ ಅಲುಗಿತು. ಆಮೇಲೆ ಅವಳು ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗಿ ತನ್ನ ಚಪ್ಪಲಿ ಹಾಕಿಕೊಂಡು ಬಂದಳು, ಬಾಗಿಲಿಗೆ ಬೀಗ ಹಾಕಿದಳು, ತಂದೆಯ ರಟ್ಟೆ ಹಿಡಿದು ಎಬ್ಬಿಸಿದಳು. ಅಪ್ಪ ಮಗಳು ಲಾರಿಯ ಮೂತಿಯನ್ನು ಬಳಸಿಕೊಂಡು ಬಸ್ಸಿನ ನಿಲ್ದಾಣದ ಕಡೆ ಹೆಜ್ಜೆ ಹೆಜ್ಜೆಯಾಗಿ ನಡೆದರು. ಮಾವ ಎರಡು ಸಲ ತಿರುಗಿ ನೋಡಿದರು. ಅವಳು ನೋಡಲಿಲ್ಲ.

ಅವರು ರಸ್ತೆಯ ಆ ಬದಿಗೆ ದಾಟುವವರೆಗೂ ಅವನು ಗಾಡಿಯನ್ನು ಅಲುಗಿಸಲಿಲ್ಲ.